ಜಾಬ್ ಆಫರ್‌ಗೆ ಇಂಗ್ಲಿಷಲ್ಲಿ ರಿಪ್ಲೈ ಬರೆಯೋಕೆ ಇಮೇಲ್ ರಿವ್ಯೂ ಸರ್ವೀಸ್ ಬಳಸ್ದೆ: ಮೂರು ಮೇಲ್ ಆದ್ಮೇಲೆ ನನ್ನ ಅನುಭವ

ರೇಟಿಂಗ್ ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂತ ಕೆಳಗೆ ಬರ್ದಿದೀನಿ. ಇದು ಆನ್‌ಲೈನ್ ಇಮೇಲ್ ರಿವ್ಯೂ ಸರ್ವೀಸ್, ನಾವು ಇಂಗ್ಲಿಷಲ್ಲಿ ಬರ್ದಿರೋ ಡ್ರಾಫ್ಟ್ ಹಾಕಿ ಒಂದು ಚಿಕ್ಕ ಫಾರ್ಮ್ ತುಂಬ್ಬೇಕು, ಅದನ್ನ ಒಬ್ರು ಎಡಿಟರ್ ಕೂತು ಓದಿ ತಿದ್ದಿ, ಜೊತೆಗೆ ನಾಲ್ಕೈದು ನಿಮಿಷದ ಒಂದು ವಾಯ್ಸ್ ನೋಟ್ ಕಳಿಸ್ತಾರೆ, ಯಾಕೆ ತಿದ್ದಿದ್ರು ಅಂತ. ಆಮೇಲೆ ನಮ್ದೇನಾದ್ರೂ ಡೌಟ್ ಇದ್ರೆ ಒಂದ್ಸಲ ವಾಪಸ್ ಕೇಳ್ಬಹುದು. ಇದರ ಜೊತೆ ಒಂದಿಷ್ಟು ರೆಡಿಮೇಡ್ ಟೆಂಪ್ಲೇಟ್, ಆರು ಪಾಠದ ಒಂದು ಪುಟ್ಟ ಕೋರ್ಸ್ ಕೂಡ ಕೊಡ್ತಾರೆ. ಹೆಸರು ಹಾಕ್ತಿಲ್ಲ, ಇಂಥ ಸರ್ವೀಸ್‌ಗಳು ಬೇಕಾದಷ್ಟಿವೆ, ಎಲ್ಲಾದ್ರೂ ತಗೊಳ್ಳಿ, ಆದ್ರೆ ತಗೊಳ್ಳೋ ಮುಂಚೆ ಏನು ನೋಡ್ಬೇಕು ಅನ್ನೋದಕ್ಕೆ ಇದು ಉಪಯೋಗಕ್ಕೆ ಬರ್ಲಿ ಅಂತ ಬರೀತಿದೀನಿ.

ಮೊದ್ಲು ನಾನು ಯಾಕೆ ಇಲ್ಲಿಗೆ ಬಂದೆ ಅಂತ. ನಂದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಇಂಗ್ಲಿಷ್ ಬರಲ್ಲ ಅಂತೇನಿಲ್ಲ, ದಿನಾ ಮೀಟಿಂಗಲ್ಲಿ ಮಾತಾಡ್ತೀನಿ, ಬಗ್ ರಿಪೋರ್ಟ್ ಬರೀತೀನಿ, ಅದ್ರಲ್ಲಿ ಯಾವತ್ತೂ ತೊಂದ್ರೆ ಆಗಿಲ್ಲ. ಆದ್ರೆ ಎರಡು ವರ್ಷದ ಹಿಂದೆ ಒಂದು ಕಂಪನಿಯಿಂದ ಆಫರ್ ಬಂತು, ನಂಗೆ ತುಂಬಾ ಇಷ್ಟ ಆಗಿದ್ದ ಕೆಲಸ, ಖುಷಿಯಲ್ಲಿ ಅವತ್ತು ರಾತ್ರೀನೇ ರಿಪ್ಲೈ ಬರ್ದೆ. ಅದ್ರಲ್ಲಿದ್ದ ಮುಖ್ಯವಾದ ಸಾಲು "ಐ ವುಡ್ ಲೈಕ್ ಟು ಆಕ್ಸೆಪ್ಟ್ ದಿಸ್ ಆಫರ್", ಅದರ ಕೆಳಗೇ "ಐ ವಿಲ್ ಟ್ರೈ ಟು ಜಾಯಿನ್ ಬೈ ನೆಕ್ಸ್ಟ್ ಮಂತ್, ಕೈಂಡ್ಲಿ ಡು ದಿ ನೀಡ್‌ಫುಲ್". ನನ್ನ ಪ್ರಕಾರ ನಾನು ಒಪ್ಕೊಂಡಾಯ್ತು. ಹತ್ತು ದಿನ ಸುಮ್ನೆ ಕಾದೆ, ಅವರ ಕಡೆಯಿಂದ ಪೇಪರ್ಸ್ ಬರುತ್ತೆ ಅಂತ. ಅವ್ರು ಆ ಕಡೆ ಕಾಯ್ತಿದ್ರು, ನಾನು ಇನ್ನೂ ಪಕ್ಕಾ ಮಾಡಿಲ್ಲ ಅಂತ. ಕೊನೆಗೆ ನಾನೇ ಫೋನ್ ಮಾಡಿದಾಗ ಎಚ್‌ಆರ್ ತುಂಬಾ ಮರ್ಯಾದೆಯಾಗೇ ಹೇಳಿದ್ರು, ನಿಮ್ಮ ಮೇಲಲ್ಲಿ ಕನ್ಫರ್ಮೇಷನ್ ಕಾಣಿಸ್ಲಿಲ್ಲ, ಆಫರ್ ಡೇಟ್ ಮುಗೀತು, ಬೇರೆಯವ್ರಿಗೆ ಕೊಟ್ಬಿಟ್ವಿ ಅಂತ. ಅವತ್ತು ಊಟ ಸೇರ್ಲಿಲ್ಲ ನಂಗೆ.

ಆ ಮೇಲನ್ನ ನನ್ನ ತಮ್ಮಂಗೆ ತೋರ್ಸಿದೆ. ಅವ್ನು ಓದಿ ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದ, "ಅಕ್ಕಾ, ನೀನು ಬರ್ತೀನಿ ಅಂದ್ಯಾ, ಬರ್ಬೇಕು ಅಂತ ಆಸೆ ಇದೆ ಅಂದ್ಯಾ?" ಅಷ್ಟೇ. ಆ ಒಂದು ಪ್ರಶ್ನೆ ನನ್ನ ತಲೇಲಿ ಎರಡು ವರ್ಷ ಉಳ್ಕೊಂಡಿತ್ತು. ಹಂಗಾಗಿ ಈ ಸಲ ಎರಡು ಕಡೆ ಇಂಟರ್‌ವ್ಯೂ ಕೊನೇ ಹಂತಕ್ಕೆ ಬಂದಾಗ ನಾನೇ ಬರ್ದು ಕಳಿಸೋ ಧೈರ್ಯ ಬರ್ಲಿಲ್ಲ, ಹುಡುಕಿ ಈ ಸರ್ವೀಸ್‌ಗೆ ಸೇರ್ಕೊಂಡೆ.

ಫಾರ್ಮಲ್ಲಿ ಕೇಳೋ ಪ್ರಶ್ನೆಗಳು ಕೆಲವೇ, ಆದ್ರೆ ನನ್ನ ಪ್ರಕಾರ ಇಡೀ ಸರ್ವೀಸ್‌ನಲ್ಲಿ ಬೆಲೆ ಬಾಳೋದು ಅದೇ. ಯಾರಿಗೆ ಬರೀತಿದೀರ, ಅವ್ರು ಕಳ್ಸಿರೋ ಮೇಲ್ ಪೇಸ್ಟ್ ಮಾಡಿ, ಅವ್ರು ಕೊನೇಲಿ ಹೆಂಗೆ ಸೈನ್ ಮಾಡಿದಾರೆ, ಮತ್ತೆ ಕೊನೇ ಪ್ರಶ್ನೆ, ಈ ಮೇಲ್ ಓದಿ ಮುಗಿಸಿದ ತಕ್ಷಣ ಅವ್ರು ಏನು ಮಾಡ್ಬೇಕು ಅಂತ ನಿಮ್ಮ ಆಸೆ. ಈ ಕೊನೇ ಪ್ರಶ್ನೆ ಹತ್ರ ನಾನು ಹತ್ತು ನಿಮಿಷ ಕೂತಿದ್ದೆ. ಯಾಕಂದ್ರೆ ಮೇಲ್ ಬರೀವಾಗ ನಾನು ಯಾವಾಗ್ಲೂ ಯೋಚ್ನೆ ಮಾಡ್ತಿದ್ದಿದ್ದು ಅವ್ರಿಗೆ ಬೇಜಾರಾಗ್ಬಾರ್ದು, ಮರ್ಯಾದೆ ಕಮ್ಮಿ ಆಗ್ಬಾರ್ದು ಅಂತ ಮಾತ್ರ. ಓದಿದ ಮೇಲೆ ಅವ್ರು ಏನು ಮಾಡ್ಬೇಕು ಅನ್ನೋದನ್ನ ಯೋಚ್ನೆ ಮಾಡೇ ಇರ್ಲಿಲ್ಲ.

ಮೊದಲನೇ ಮೇಲ್ ಕಷ್ಟದ್ದು. ಮೊದಲನೇ ಕಂಪನಿ ಆಫರ್ ಕಳ್ಸಿತ್ತು, ಕೆಲಸ ಇಷ್ಟ, ಸ್ಯಾಲರಿ ನಾನು ಅಂದ್ಕೊಂಡಿದ್ದಕ್ಕಿಂತ ಕಮ್ಮಿ, ಜೊತೆಗೆ ಎರಡನೇ ಕಂಪನಿ ಉತ್ತರ ಬರೋ ತನಕ ನಾಲ್ಕು ದಿನ ಟೈಮ್ ಬೇಕಿತ್ತು. ನಾನು ಬರ್ದಿದ್ದು ಹಿಂಗೆ: "ರೆಸ್ಪೆಕ್ಟೆಡ್ ಮೇಡಂ, ಐ ಯಾಮ್ ವೆರಿ ಮಚ್ ಥ್ಯಾಂಕ್‌ಫುಲ್ ಫಾರ್ ಗಿವಿಂಗ್ ಮಿ ದಿಸ್ ಗೋಲ್ಡನ್ ಆಪರ್ಚುನಿಟಿ. ಐ ನೀಡ್ ಸಮ್ ಟೈಮ್ ಟು ಥಿಂಕ್. ಆಲ್ಸೋ ಐ ಆಮ್ ಎಕ್ಸ್‌ಪೆಕ್ಟಿಂಗ್ ಮೋರ್ ಸ್ಯಾಲರಿ. ಪ್ಲೀಸ್ ಡಿಸ್ಕಸ್ ಅಬೌಟ್ ದಿಸ್ ವಿತ್ ಯುವರ್ ಮ್ಯಾನೇಜರ್ ಆ್ಯಂಡ್ ರಿವರ್ಟ್ ಬ್ಯಾಕ್."

ವಾಪಸ್ ಬಂದಾಗ ಪೂರ್ತಿ ಕೆಂಪು ಗೆರೆ ಇರುತ್ತೆ ಅಂದ್ಕೊಂಡಿದ್ದೆ. ಗೆರೆಗಳು ಕಮ್ಮೀನೇ ಇತ್ತು, ಪಕ್ಕದಲ್ಲಿ ಬರ್ದಿದ್ದ ಮಾತುಗಳು ಜಾಸ್ತಿ. "ರೆಸ್ಪೆಕ್ಟೆಡ್ ಮೇಡಂ" ಹತ್ರ ಬರ್ದಿದ್ರು, ಅವ್ರು ತಮ್ಮ ಮೇಲ್‌ಗೆ ಬರೀ ಫಸ್ಟ್ ನೇಮ್ ಹಾಕಿ ಸೈನ್ ಮಾಡಿದಾರೆ, ಅಂದ್ರೆ ನಮ್ಮನ್ನ ಹಿಂಗೆ ಕರೀಬಹುದು ಅಂತ ಅವ್ರೇ ಬಾಗಿಲು ತೆಗ್ದಿದಾರೆ, "ಡಿಯರ್" ಹಾಕಿ ಅದೇ ಹೆಸರು ಬರೀರಿ ಸಾಕು ಅಂತ. ನಮಗೆ ಇದು ಕೈ ಬರಲ್ಲ, ಒಬ್ಬ ದೊಡ್ಡವ್ರನ್ನ ಬರೀ ಹೆಸರಿಂದ ಕರೆಯೋದು ಅಂದ್ರೆ ನಾಲಿಗೆ ತಡಿಯುತ್ತೆ. ಆದ್ರೆ ಅವ್ರು ಹೇಳಿದ ಲಾಜಿಕ್ ನಂಗೆ ಒಪ್ಪಿಗೆ ಆಯ್ತು, ಎದುರಿಗಿರೋರು ತಾವೇ ತಮ್ಮನ್ನ ಹೆಂಗೆ ಪರಿಚಯ ಮಾಡ್ಕೊಂಡ್ರೋ ಹಂಗೆ ಕರೆಯೋದೂ ಒಂದು ಮರ್ಯಾದೇನೇ.

"ಗೋಲ್ಡನ್ ಆಪರ್ಚುನಿಟಿ" ತೆಗೆದು ಬರೀ "ಥ್ಯಾಂಕ್ ಯು ಫಾರ್ ದಿ ಆಫರ್" ಮಾಡಿದ್ರು, ಅದರ ಮುಂದೆ ಒಂದು ಸಾಲು ಸೇರ್ಸಿ ಅಂದ್ರು, ಇಂಟರ್‌ವ್ಯೂನಲ್ಲಿ ನಿಮಗೆ ನಿಜವಾಗ್ಲೂ ಇಷ್ಟ ಆಗಿದ್ದು ಏನು ಅಂತ. ನಾನು "ಐ ರಿಯಲಿ ಎಂಜಾಯ್ಡ್ ಟಾಕಿಂಗ್ ಟು ದಿ ಟೀಮ್ ಅಬೌಟ್ ಹೌ ಯು ಟೆಸ್ಟ್ ಪೇಮೆಂಟ್ಸ್" ಅಂತ ಸೇರ್ಸಿದೆ. ಎಷ್ಟು ವ್ಯತ್ಯಾಸ ನೋಡಿ, ಗೋಲ್ಡನ್ ಆಪರ್ಚುನಿಟಿ ಅಂತ ಯಾವ ಕಂಪನಿಗೆ ಬೇಕಾದ್ರೂ ಬರೀಬಹುದು, ಈ ಸಾಲನ್ನ ಆ ಕಂಪನಿಗೆ ಮಾತ್ರ ಬರೆಯೋಕೆ ಸಾಧ್ಯ.

"ರಿವರ್ಟ್ ಬ್ಯಾಕ್" ಮತ್ತೆ "ಡಿಸ್ಕಸ್ ಅಬೌಟ್" ಎರಡನ್ನೂ ಬೇಗ ಮುಗಿಸ್ತೀನಿ. "ರಿವರ್ಟ್" ಅಂದ್ರೆ ಹಳೇ ಸ್ಥಿತಿಗೆ ವಾಪಸ್ ಹೋಗೋದು, ಉತ್ತರ ಕೊಡೋದು ಅಂತ ಎಲ್ಲಾ ಕಡೆ ಅರ್ಥ ಆಗಲ್ಲ, "ರಿಪ್ಲೈ" ಅಥ್ವಾ "ಗೆಟ್ ಬ್ಯಾಕ್ ಟು ಮಿ" ಅಂದ್ರೆ ಎಲ್ಲರಿಗೂ ಗೊತ್ತಾಗುತ್ತೆ. "ಡಿಸ್ಕಸ್" ಅನ್ನೋದ್ರೊಳಗೇ "ಅಬೌಟ್" ಇದೆ, ಮತ್ತೆ ಹಾಕ್ಬಾರ್ದು.

ನಿಜವಾದ ಪಾಠ ಇದ್ದಿದ್ದು ಸ್ಯಾಲರಿ ಸಾಲಲ್ಲಿ. "ಐ ಆಮ್ ಎಕ್ಸ್‌ಪೆಕ್ಟಿಂಗ್ ಮೋರ್ ಸ್ಯಾಲರಿ" ಅನ್ನೋದನ್ನ ಹೊಡೆದು "ಐ ವಾಸ್ ಹೋಪಿಂಗ್ ಫಾರ್ ಸಂಥಿಂಗ್ ಕ್ಲೋಸರ್ ಟು" ಅಂತ ಬರ್ದು ಮುಂದೆ ನನ್ನ ನಂಬರ್ ಹಾಕೋಕೆ ಜಾಗ ಬಿಟ್ಟಿದ್ರು, ಆಮೇಲೆ "ಈಸ್ ದೇರ್ ಎನಿ ಫ್ಲೆಕ್ಸಿಬಿಲಿಟಿ ಆನ್ ದಿ ಬೇಸ್ ಸ್ಯಾಲರಿ?" ಅಂತ ಪ್ರಶ್ನೆ. ನಂಗೆ ಅರ್ಥ ಆಗ್ಲಿಲ್ಲ, ನಾನು ಈಗ ಕೇಳ್ತಿದೀನಿ, "ವಾಸ್" ಯಾಕೆ? ಹಿಂದೆ ಆಸೆ ಇತ್ತು ಈಗ ಇಲ್ಲ ಅನ್ನೋ ಹಂಗಾಗಲ್ವಾ? ಇದನ್ನೇ ವಾಪಸ್ ಕೇಳ್ದೆ. ವಾಯ್ಸ್ ನೋಟಲ್ಲಿ ಅವ್ರು ನಿಧಾನಕ್ಕೆ ಹೇಳಿದ್ರು, ಇದು ಹಿಂದಿನ ಕಾಲ ಅಲ್ಲ, ದೂರ. ಇಂಗ್ಲಿಷಲ್ಲಿ ಒಂದು ಮಾತನ್ನ ಮೆತ್ತಗೆ ಮಾಡ್ಬೇಕು ಅಂದ್ರೆ ಕ್ರಿಯಾಪದವನ್ನ ಒಂದು ಹೆಜ್ಜೆ ಹಿಂದಕ್ಕೆ ಸರಿಸ್ತಾರೆ, "ಕ್ಯಾನ್" ಹೋಗಿ "ಕುಡ್" ಆಗುತ್ತೆ, "ವಿಲ್" ಹೋಗಿ "ವುಡ್" ಆಗುತ್ತೆ, "ಐ ವಂಡರ್" ಹೋಗಿ "ಐ ವಾಸ್ ವಂಡರಿಂಗ್" ಆಗುತ್ತೆ, ಎದುರಿಗಿರೋರ ಮೈಮೇಲೆ ಬೀಳದೆ ಸ್ವಲ್ಪ ಜಾಗ ಬಿಟ್ಟು ನಿಂತು ಕೇಳಿದ ಹಾಗೆ.

ಇದನ್ನ ಕೇಳ್ತಾ ಕೇಳ್ತಾ ನಂಗೆ ಹೊಳೀತು, ಅಯ್ಯೋ ಇದು ನಮಗೆ ಗೊತ್ತಿರೋದೇ! ಯಾರ ಮನೆಗಾದ್ರೂ ಹೋಗಿ ಸಹಾಯ ಕೇಳೋವಾಗ "ನಂಗೆ ಸಹಾಯ ಬೇಕು" ಅಂತೀವಾ? "ನಿಮ್ಮಿಂದ ಒಂದು ಸಹಾಯ ಆಗ್ಬೇಕಿತ್ತು" ಅಂತೀವಿ. ಬೇಕಾಗಿರೋದು ಈಗ, ಹೇಳೋದು "ಬೇಕಿತ್ತು" ಅಂತ. "ಒಂದು ಮಾತು ಕೇಳೋಣ ಅಂತಿದ್ದೆ" ಅಂತೀವಿ, ಕೇಳ್ತಿರೋದು ಈ ಕ್ಷಣಾನೇ. ಆ ಎಡಿಟರ್‌ಗೆ ಕನ್ನಡ ಗೊತ್ತಿಲ್ಲ, ಅವ್ರು ಇದನ್ನ ಹೇಳ್ಲಿಲ್ಲ, ಆದ್ರೆ ಅವ್ರು ವಿವರಿಸಿದ ರೀತಿಯಿಂದ್ಲೇ ನಂಗೆ ನಮ್ಮ "ಬೇಕಿತ್ತು" ನೆನಪಾಯ್ತು. ಅವತ್ತಿಂದ "ಐ ವಾಸ್ ವಂಡರಿಂಗ್" ಅನ್ನೋದನ್ನ ನಾನು ಬಾಯಿಪಾಠ ಮಾಡ್ಬೇಕಾಗಿಲ್ಲ, ಕನ್ನಡದಲ್ಲಿ ಎಲ್ಲಿ "ಬೇಕಿತ್ತು", "ಅಂತಿದ್ದೆ" ಬರುತ್ತೋ ಅಲ್ಲಿ ಇಂಗ್ಲಿಷಲ್ಲಿ ಅದು ತಾನಾಗೇ ಬರುತ್ತೆ.

ಉಲ್ಟಾ ಇರೋ ಜಾಗಾನೂ ಇದೆ, ಅಲ್ಲೇ ನಾವು ಬೀಳೋದು. ಕನ್ನಡದಲ್ಲಿ "ಆಫರ್ ಲೆಟರ್ ಕಳ್ಸಿ" ಅಂದ್ರೆ ಅದ್ರಲ್ಲಿ ಮರ್ಯಾದೆ ಆಗ್ಲೇ ಕೂತಿದೆ, "ಕಳ್ಸು" ಅಲ್ಲ "ಕಳ್ಸಿ". ಅದನ್ನೇ ಇಂಗ್ಲಿಷಿಗೆ ತಂದ್ರೆ "ಸೆಂಡ್ ದಿ ಲೆಟರ್" ಆಗುತ್ತೆ, ಆ "ಇ" ದಾರೀಲೇ ಉದುರಿ ಹೋಗುತ್ತೆ. ಏನೋ ಕಮ್ಮಿ ಆಯ್ತು ಅಂತ ನಮಗೂ ಅನ್ಸುತ್ತೆ, ಅದಕ್ಕೆ ಮುಂದೆ ಒಂದು "ಪ್ಲೀಸ್", ಇನ್ನೂ ಸಾಲ್ದು ಅಂತ "ಕೈಂಡ್ಲಿ" ಅಂಟಿಸ್ತೀವಿ. ಎಡಿಟರ್ ಪ್ರಕಾರ "ಪ್ಲೀಸ್" ಹಾಕಿದ್ರೂ ಅದು ಮೆತ್ತಗಿನ ಆರ್ಡರೇ, "ಕೈಂಡ್ಲಿ" ಅಂತೂ ಕೆಲವು ಓದುಗರಿಗೆ ಸಿಟ್ಟು ತಡ್ಕೊಂಡು ಬರ್ದಿರೋ ನೋಟಿಸ್ ಬೋರ್ಡ್ ಥರ ಕೇಳ್ಸುತ್ತಂತೆ. ಪ್ರಶ್ನೆ ಮಾಡಿ, ಮುಗೀತು: "ಕುಡ್ ಯು ಸೆಂಡ್ ಮಿ ದಿ ರಿಟನ್ ಆಫರ್ ವೆನ್ ಯು ಹ್ಯಾವ್ ಎ ಮೊಮೆಂಟ್?" ಇಲ್ಲ ಅನ್ನೋಕೂ ಅವ್ರಿಗೆ ಜಾಗ ಸಿಗುತ್ತೆ, ಇಂಗ್ಲಿಷ್ ಮರ್ಯಾದೆ ಅಂದ್ರೆ ಬಹುಪಾಲು ಅದೇ, ಇನ್ನೊಬ್ರಿಗೆ ಇಲ್ಲ ಅನ್ನೋ ಜಾಗ ಉಳ್ಸೋದು. ಪೆನೆಲೊಪಿ ಬ್ರೌನ್ ಮತ್ತೆ ಸ್ಟೀಫನ್ ಲೆವಿನ್ಸನ್ ಅನ್ನೋ ಇಬ್ರು ವಿದ್ವಾಂಸರು ವಿನಯದ ಮಾತಿನ ಬಗ್ಗೆ ಮಾಡಿರೋ ಕೆಲಸ ತುಂಬಾ ಹೆಸರುವಾಸಿ, 1987ರಲ್ಲಿ ಪುಸ್ತಕ ಆಗಿ ಬಂತು, ಅವ್ರು ಇಂಗ್ಲಿಷ್ ಜೊತೆ ನಮ್ಮ ಪಕ್ಕದ ತಮಿಳನ್ನೂ ಮೆಕ್ಸಿಕೋದ ಒಂದು ಮಾಯನ್ ಭಾಷೇನೂ ಇಟ್ಕೊಂಡು ಇದನ್ನ ನೋಡಿದಾರೆ. ಎದುರಿನವ್ರ ಮೇಲೆ ಹೇರಿಕೆ ಆಗದ ಹಾಗೆ ಮಾತಾಡೋದು ಅವ್ರ ವಾದದಲ್ಲಿ ಒಂದು ದೊಡ್ಡ ಭಾಗ.

ಟೈಮ್ ಕೇಳೋ ಸಾಲು ಕೊನೆಗೆ ಹಿಂಗಾಯ್ತು: "ವುಡ್ ಇಟ್ ಬಿ ಆಲ್‌ರೈಟ್ ಇಫ್ ಐ ಗಾಟ್ ಬ್ಯಾಕ್ ಟು ಯು ಬೈ ಫ್ರೈಡೇ?" ಇಲ್ಲೂ "ಗಾಟ್" ನೋಡಿ, ಮತ್ತೆ ಆ ಒಂದು ಹೆಜ್ಜೆ ಹಿಂದೆ. ಆದ್ರೆ ವಾಯ್ಸ್ ನೋಟಲ್ಲಿ ಅವ್ರು ಒತ್ತಿ ಹೇಳಿದ್ದು ವ್ಯಾಕರಣ ಅಲ್ಲ, "ಫ್ರೈಡೇ" ಅನ್ನೋ ಪದ. "ಸಮ್ ಟೈಮ್" ಅಂದ್ರೆ ಓದೋರಿಗೆ ಭಯ ಆಗುತ್ತೆ, ಎಷ್ಟು ದಿನ ಕಾಯ್ಬೇಕೋ ಅಂತ, ದಿನ ಹೇಳಿದ್ರೆ ಅವ್ರು ಹೋಗಿ ಮ್ಯಾನೇಜರ್‌ಗೆ ಶುಕ್ರವಾರ ಗೊತ್ತಾಗುತ್ತೆ ಅಂತ ಹೇಳ್ಬಹುದು, ಅವರ ಕೆಲಸ ಸುಲಭ ಆಗುತ್ತೆ.

ಸ್ಯಾಲರಿ ವಿಷಯದಲ್ಲಿ ಇನ್ನೊಂದು ಕಾಮೆಂಟ್ ಇತ್ತು, ಕೋರ್ಸಿನ ನಾಲ್ಕನೇ ಪಾಠದಲ್ಲೂ ಅದನ್ನ ವಿವರವಾಗಿ ಹೇಳಿದಾರೆ, ಇದು ನಂಗೆ ಬಹಳ ಹಿಡಿಸ್ತು. ಹೆಚ್ಚು ಕೇಳೋದಿದ್ರೆ ಷರತ್ತಿನ ಥರ ಬರೀಬೇಡಿ, ಪ್ರಶ್ನೆ ಥರ ಬರೀರಿ ಅಂತ. ಇದು ಬರೀ ವಿನಯಕ್ಕಲ್ಲ. ಇಂಗ್ಲಿಷ್ ಕಾನೂನಲ್ಲಿ 1840ರ ಒಂದು ಹಳೇ ಕೇಸ್ ಇದೆ, ಹೈಡ್ ವರ್ಸಸ್ ರೆಂಚ್. ಒಬ್ರು ತಮ್ಮ ಜಮೀನನ್ನ 1000 ಪೌಂಡ್‌ಗೆ ಕೊಡ್ತೀನಿ ಅಂದ್ರು, ಇನ್ನೊಬ್ರು 950 ಕೊಡ್ತೀನಿ ಅಂದ್ರು, ಮಾರೋರು ಒಪ್ಲಿಲ್ಲ, ಆಮೇಲೆ ತಗೊಳ್ಳೋರು ಆಯ್ತು 1000ಕ್ಕೇ ತಗೊಳ್ತೀನಿ ಅಂದ್ರು. ಕೋರ್ಟ್ ಹೇಳಿದ್ದು, 950 ಅಂದ ಕೂಡ್ಲೇ ಮೊದಲನೇ ಆಫರ್ ಸತ್ತೋಯ್ತು, ಅದನ್ನ ಈಗ ಎಬ್ಸೋಕಾಗಲ್ಲ ಅಂತ. 1880ರಲ್ಲಿ ಸ್ಟೀವನ್ಸನ್ ವರ್ಸಸ್ ಮೆಕ್ಲೀನ್ ಅನ್ನೋ ಕೇಸಲ್ಲಿ ಕಬ್ಬಿಣ ಕೊಳ್ಳೋರು ಎರಡು ತಿಂಗಳ ಅವಧೀಲಿ ಡೆಲಿವರಿ ಕೊಡೋಕೆ ಒಪ್ತೀರಾ ಅಂತ ಟೆಲಿಗ್ರಾಂನಲ್ಲಿ ಕೇಳಿದ್ರು, ಅದು ಬರೀ ವಿಚಾರಣೆ, ಆಫರ್ ತಿರಸ್ಕಾರ ಅಲ್ಲ, ಆಫರ್ ಜೀವಂತವಾಗೇ ಇತ್ತು ಅಂತ ತೀರ್ಪಾಯ್ತು. ಒಂದೊಂದು ದೇಶದ ಕಾನೂನು ಒಂದೊಂದು ಥರ ಇರುತ್ತೆ, ಇದನ್ನ ಓದಿ ಯಾರೂ ವಕೀಲಿಕೆ ಮಾಡೋದು ಬೇಡ, ಆದ್ರೆ "ಐ ವಿಲ್ ಜಾಯಿನ್ ಓನ್ಲಿ ಇಫ್ ಯು ಇನ್‌ಕ್ರೀಸ್" ಅನ್ನೋದಕ್ಕೂ "ಈಸ್ ದೇರ್ ಎನಿ ಫ್ಲೆಕ್ಸಿಬಿಲಿಟಿ" ಅನ್ನೋದಕ್ಕೂ ಇರೋ ವ್ಯತ್ಯಾಸ ಬರೀ ಟೋನ್ ಅಲ್ಲ ಅನ್ನೋದು ಇದ್ರಿಂದ ನಂಗೆ ಗಟ್ಟಿಯಾಗಿ ತಲೇಲಿ ಕೂತ್ಕೊಳ್ತು. ಹಂಗೇ ಕೇಳೋದೆಲ್ಲ ಒಂದೇ ಮೇಲಲ್ಲಿ ಕೇಳಿ, ಇವತ್ತು ಸ್ಯಾಲರಿ, ನಾಳೆ ರಜೆ, ನಾಡಿದ್ದು ವರ್ಕ್ ಫ್ರಮ್ ಹೋಮ್ ಅಂತ ಎಳೀಬೇಡಿ, ಮತ್ತೆ ಒಪ್ಕೊಳ್ಳೋ ಮುಂಚೆ ಕೇಳಿ ಅಂದ್ರು. ಸರಿಯಾದ ಮಾತು.

ಕಂಪನಿಯವ್ರು ನಾನು ಕೇಳಿದಷ್ಟು ಕೊಡ್ಲಿಲ್ಲ, ಸ್ವಲ್ಪ ಏರ್ಸಿದ್ರು, ಟೈಮ್ ಕೊಟ್ರು. ಶುಕ್ರವಾರದ ಹೊತ್ತಿಗೆ ಎರಡನೇ ಆಫರೂ ಬಂತು, ಎರಡನ್ನೂ ಮುಂದಿಟ್ಕೊಂಡು ಯೋಚ್ನೆ ಮಾಡಿ ಮೊದಲನೇದನ್ನೇ ಆರಿಸ್ಕೊಂಡೆ. ಈಗ ಎರಡನೇ ಮೇಲ್, ಒಪ್ಪಿಗೆ. ಇದನ್ನ ಬರೀವಾಗ ಕೈ ಸ್ವಲ್ಪ ನಡುಗ್ತಿತ್ತು ಅಂದ್ರೆ ಸುಳ್ಳಲ್ಲ. ಹಿಂದಿನ ಪಾಠ ಕಲ್ತಿದ್ದೆ ಅಲ್ವಾ, ಹಂಗಾಗಿ ಎಲ್ಲದಕ್ಕೂ "ವುಡ್" ಹಾಕಿ ಮೆತ್ತಗೆ ಬರ್ದಿದ್ದೆ, "ಐ ವುಡ್ ಬಿ ವೆರಿ ಹ್ಯಾಪಿ ಟು ಆಕ್ಸೆಪ್ಟ್" ಅಂತ. ಎಡಿಟರ್ ಮೊದಲನೇ ಕಾಮೆಂಟೇ ಅದರ ಮೇಲೆ. ಕೇಳೋವಾಗ ಹಿಂದೆ ಸರೀರಿ, ಒಪ್ಕೊಳ್ಳೋವಾಗ ಮುಂದೆ ಬನ್ನಿ ಅಂತ. ಕೇಳೋ ಮಾತಿಗೆ "ವುಡ್" ಹಾಕಿದ್ರೆ ವಿನಯ, ಕೊಡೋ ಮಾತಿಗೆ "ವುಡ್" ಹಾಕಿದ್ರೆ ಅನುಮಾನ, ಓದೋರು "ಹ್ಯಾಪಿ ಆಗ್ತಿದ್ರು, ಆದ್ರೆ?" ಅಂತ ಮುಂದಿನ ಸಾಲಲ್ಲಿ ಷರತ್ತು ಹುಡುಕ್ತಾರೆ. ಬಹಳ ಜನ "ಐ ವುಡ್ ಲೈಕ್ ಟು ಆಕ್ಸೆಪ್ಟ್" ಅಂದ್ರೆ ಒಪ್ಪಿಗೆ ಅಂತಾನೇ ತಗೊಳ್ತಾರೆ, ಆದ್ರೆ ಅದ್ರ ಪಕ್ಕದಲ್ಲಿ "ಐ ವಿಲ್ ಟ್ರೈ" ಥರದ ಇನ್ನೊಂದು ಸಡಿಲ ಮಾತು ಸೇರಿದ್ರೆ ಎರಡೂ ಸೇರಿ ಒಪ್ಪಿಗೇನೇ ಕರಗೋಗುತ್ತೆ ಅಂದ್ರು. ನಾನು ನನ್ನ ಹಳೇ ಕಥೆ ಅವ್ರಿಗೆ ಹೇಳಿರ್ಲಿಲ್ಲ. ಆ ವಾಯ್ಸ್ ನೋಟನ್ನ ಅಲ್ಲಿಗೇ ನಿಲ್ಸಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ತಮ್ಮ ಎರಡು ವರ್ಷದ ಹಿಂದೆ ಕನ್ನಡದಲ್ಲಿ ಕೇಳಿದ್ದನ್ನೇ ಇವ್ರು ಇಂಗ್ಲಿಷಲ್ಲಿ ಹೇಳಿದ್ರು.

ಕೊನೆಗೆ ಕಳ್ಸಿದ ಮೇಲ್ ಇಷ್ಟೇ: "ಥ್ಯಾಂಕ್ ಯು ಫಾರ್ ದಿ ಅಪ್‌ಡೇಟೆಡ್ ಆಫರ್. ಐ ಆಮ್ ಡಿಲೈಟೆಡ್ ಟು ಆಕ್ಸೆಪ್ಟ್ ದಿ ರೋಲ್ ಆಫ್ ಸೀನಿಯರ್ ಟೆಸ್ಟ್ ಇಂಜಿನಿಯರ್." ಮುಂದೆ ಒಪ್ಕೊಂಡಿರೋ ಸ್ಯಾಲರಿ ಮತ್ತೆ ಜಾಯಿನಿಂಗ್ ಡೇಟ್ ಒಂದೇ ಸಾಲಲ್ಲಿ, ಆಮೇಲೆ "ಈಸ್ ದೇರ್ ಎನಿಥಿಂಗ್ ಯು ನೀಡ್ ಫ್ರಮ್ ಮಿ ಬಿಫೋರ್ ದೆನ್?" ಕೊನೇಲಿ "ಐ ಲುಕ್ ಫಾರ್ವರ್ಡ್ ಟು ಜಾಯಿನಿಂಗ್ ದಿ ಟೀಮ್." ಇಲ್ಲಿ "ಟು ಜಾಯಿನ್" ಅಂತ ಬರ್ದಿದ್ದೆ, "ಲುಕ್ ಫಾರ್ವರ್ಡ್ ಟು" ಆದ್ಮೇಲೆ "ಇಂಗ್" ಬರ್ಬೇಕು ಅಂತ ತಿದ್ದಿದ್ರು. ಸ್ಯಾಲರಿ, ಡೇಟ್, ಹುದ್ದೆ ಮೂರನ್ನೂ ನಾವೇ ಒಂದ್ಸಲ ಬರೆಯೋದು ಯಾಕಂದ್ರೆ ಫೋನಲ್ಲಿ ಒಪ್ಪಿದ್ದು ಒಂದು, ಪೇಪರಲ್ಲಿ ಇರೋದು ಇನ್ನೊಂದು ಆಗಿದ್ರೆ ಈಗ್ಲೇ ಗೊತ್ತಾಗುತ್ತೆ. ಕೈಗೆ ಲಿಖಿತ ಆಫರ್ ಬರೋ ತನಕ ಈಗಿರೋ ಕೆಲಸಕ್ಕೆ ರಾಜೀನಾಮೆ ಕೊಡ್ಬೇಡಿ ಅಂತ ಕೂಡ ಪಕ್ಕದಲ್ಲಿ ಒಂದು ಸಾಲು ಬರ್ದಿದ್ರು, ಭಾಷೆ ತಿದ್ದೋರು ಇಷ್ಟು ಕಾಳಜಿ ಮಾಡ್ಬೇಕಾಗಿರ್ಲಿಲ್ಲ, ಮಾಡಿದ್ರು. ಅರ್ಧ ಗಂಟೇಲಿ ಆ ಕಡೆಯಿಂದ ರಿಪ್ಲೈ ಬಂತು, ಜೊತೆಗೇ ಪೇಪರ್ಸ್.

ಮೂರನೇ ಮೇಲ್ ಎರಡನೇ ಕಂಪನಿಗೆ, ಬರಲ್ಲ ಅಂತ ಹೇಳೋಕೆ. ನಿಜ ಹೇಳ್ಬೇಕಂದ್ರೆ ಇದನ್ನ ನಾನು ಬರೀದೇ ಇರೋಣ ಅಂತಾನೇ ಇದ್ದೆ, ಅವ್ರಾಗೇ ಅರ್ಥ ಮಾಡ್ಕೊಳ್ತಾರೆ ಅಂತ. ನಾವು ಮುಖದ ಮೇಲೆ ಇಲ್ಲ ಅನ್ನೋದು ಕಮ್ಮಿ, "ನೋಡೋಣ" ಅಂತೀವಿ, "ಹೇಳ್ತೀನಿ" ಅಂತೀವಿ, ಕೇಳೋರಿಗೂ ಅದು ಇಲ್ಲ ಅಂತ ಗೊತ್ತಾಗುತ್ತೆ, ಯಾರಿಗೂ ನೋವಾಗಲ್ಲ. ಅದನ್ನೇ ಇಂಗ್ಲಿಷಿಗೆ ಹಾಕಿ "ಐ ವಿಲ್ ಲೆಟ್ ಯು ನೋ" ಅಂತ ಬರ್ದ್ರೆ ಅವ್ರು ನಿಜವಾಗ್ಲೂ ಕಾಯ್ತಾರೆ. ನನ್ನ ಡ್ರಾಫ್ಟಲ್ಲಿ "ಅಟ್ ಪ್ರೆಸೆಂಟ್ ಐ ಆಮ್ ನಾಟ್ ಏಬಲ್ ಟು ಜಾಯಿನ್ ಡ್ಯೂ ಟು ಪರ್ಸನಲ್ ರೀಸನ್ಸ್" ಅಂತ ಇತ್ತು. ಎಡಿಟರ್ ಎರಡು ಪ್ರಶ್ನೆ ಹಾಕಿದ್ರು, "ಅಟ್ ಪ್ರೆಸೆಂಟ್" ಅಂದ್ರೆ ಮುಂದಿನ ತಿಂಗಳು ಬರ್ತೀರಾ, ಪರ್ಸನಲ್ ರೀಸನ್ ನಿಜಾನಾ. ಎರಡಕ್ಕೂ ನನ್ನ ಉತ್ತರ "ಇಲ್ಲ" ಅಂತಾನೇ. ಹಂಗಿದ್ರೆ ಎರಡನ್ನೂ ತೆಗೀರಿ ಅಂದ್ರು.

"ಥ್ಯಾಂಕ್ ಯು ಫಾರ್ ದಿ ಆಫರ್ ಆ್ಯಂಡ್ ಫಾರ್ ದಿ ಟೈಮ್ ಯು ಸ್ಪೆಂಟ್ ವಿತ್ ಮಿ. ಆಫ್ಟರ್ ಎ ಲಾಟ್ ಆಫ್ ಥಾಟ್, ಐ ಹ್ಯಾವ್ ಡಿಸೈಡೆಡ್ ಟು ಆಕ್ಸೆಪ್ಟ್ ಅನದರ್ ಆಫರ್." ಇಲ್ಲ ಅನ್ನೋ ಪದಾನೇ ಇಲ್ಲ ನೋಡಿ ಇದ್ರಲ್ಲಿ, ಆದ್ರೆ ಎಳ್ಳಷ್ಟೂ ಅನುಮಾನ ಉಳಿಯಲ್ಲ. ಎಲ್ಲಿಗೆ ಹೋಗ್ತಿದೀನಿ, ಎಷ್ಟಕ್ಕೆ ಹೋಗ್ತಿದೀನಿ ಅಂತ ಬರೀಬೇಕಾಗಿಲ್ಲ. "ಐ ರಿಗ್ರೆಟ್ ಟು ಇನ್ಫಾರ್ಮ್ ಯು" ಅಂತ ನಾನು ಶುರು ಮಾಡಿದ್ದನ್ನೂ ತೆಗ್ದಿದ್ರು, ಅದು ಸಂಸ್ಥೆಗಳು ಅರ್ಜಿ ತಿರಸ್ಕಾರ ಮಾಡೋವಾಗ ಬಳಸೋ ಧ್ವನಿ, ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಬರೀವಾಗ ತಣ್ಣಗೆ ಕೇಳ್ಸುತ್ತೆ ಅಂತ. ಅದನ್ನ ಓದಿದಾಗ ನಂಗೂ ಹಂಗೇ ಬಂದಿದ್ದ ಮೇಲ್‌ಗಳು ನೆನಪಾದ್ವು.

ಈಗ ಆ ಕಟ್ ಮಾಡಿದ ಒಂದು ಸ್ಟಾರ್ ವಿಷಯ. ಮೊದಲನೇದು ಟೆಂಪ್ಲೇಟ್‌ಗಳು. ಎಡಿಟರ್‌ಗಳು ಇಷ್ಟು ಚೆನ್ನಾಗಿ ಕೆಲಸ ಮಾಡೋ ಕಡೆ ಟೆಂಪ್ಲೇಟ್‌ಗಳು ಯಾಕೆ ಹಂಗಿವೆ ಅಂತ ನಂಗೆ ನಿಜವಾಗ್ಲೂ ಬೇಸರ ಇದೆ. "ಐ ಆಮ್ ರೈಟಿಂಗ್ ಟು ಎಕ್ಸ್‌ಪ್ರೆಸ್ ಮೈ ಸಿನ್ಸಿಯರೆಸ್ಟ್ ಗ್ರ್ಯಾಟಿಟ್ಯೂಡ್ ಫಾರ್ ಎಕ್ಸ್‌ಟೆಂಡಿಂಗ್ ದಿಸ್ ಇನ್‌ಕ್ರೆಡಿಬಲ್ ಆಪರ್ಚುನಿಟಿ" ಅಂತ ಶುರು ಆಗುತ್ತೆ ಒಂದು, ಅಂದ್ರೆ ನನ್ನ ಗೋಲ್ಡನ್ ಆಪರ್ಚುನಿಟಿಗೇ ದುಬಾರಿ ಸೀರೆ ಉಡ್ಸಿದ ಹಾಗೆ. ಅದನ್ನೇ ಯಾರಾದ್ರೂ ಕಾಪಿ ಮಾಡಿ ಎಡಿಟರ್‌ಗೆ ಕಳ್ಸಿದ್ರೆ ಅವ್ರೇ ಹೊಡ್ದಾಕ್ತಾರೆ. ಟೆಂಪ್ಲೇಟ್ ಕಡೆ ಹೋಗ್ಲೇಬೇಡಿ.

ಎರಡನೇದು ಟೈಮ್. ಇಪ್ಪತ್ನಾಲ್ಕು ಗಂಟೇಲಿ ಕೊಡ್ತೀವಿ ಅಂತಾರೆ, ಮೊದಲೆರಡು ಮೇಲ್ ಹಂಗೇ ಬಂತು, ಮೂರನೇದು ಶನಿವಾರ ಹಾಕಿದ್ದಕ್ಕೆ ಸೋಮವಾರ ಮಧ್ಯಾಹ್ನ ಬಂತು. ವಾರಾಂತ್ಯ ಲೆಕ್ಕಕ್ಕಿಲ್ಲ ಅಂತ ಚಿಕ್ಕ ಅಕ್ಷರದಲ್ಲಿ ಎಲ್ಲೋ ಇದೆ, ಆದ್ರೆ ಆಫರ್‌ಗೆ ಉತ್ತರ ಕೊಡ್ಬೇಕಾಗಿರೋರಿಗೆ ಎರಡು ದಿನ ಅಂದ್ರೆ ಎಷ್ಟು ದೊಡ್ಡದು ಅಂತ ಇವ್ರಿಗೆ ಗೊತ್ತಿರ್ಬೇಕಿತ್ತು. ಬರಲ್ಲ ಅನ್ನೋ ಮೇಲ್ ಆಗಿದ್ರಿಂದ ನಂಗೆ ನಷ್ಟ ಆಗ್ಲಿಲ್ಲ, ಆ ಕಂಪನಿಯವ್ರು ಮಾತ್ರ ಸುಮ್ನೆ ಎರಡು ದಿನ ಜಾಸ್ತಿ ಕಾದ್ರು, ಅದು ನಂಗೆ ಸರಿ ಅನ್ಸಲ್ಲ. ಇನ್ನೊಂದು, ಮೂರು ಸಲಾನೂ ಒಬ್ರೇ ಎಡಿಟರ್ ಸಿಗ್ತಾರೆ ಅನ್ನೋ ಗ್ಯಾರಂಟಿ ಇಲ್ಲ. ನಂಗೆ ಮೊದಲೆರಡು ಸಲ ಒಬ್ರೇ ಸಿಕ್ಕಿದ್ರು, ಮೂರನೇ ಸಲ ಬೇರೆಯವ್ರು, ಅವ್ರೂ ಚೆನ್ನಾಗೇ ಮಾಡಿದ್ರು ಆದ್ರೆ ವಾಯ್ಸ್ ನೋಟಲ್ಲಿ ಬಹಳ ಫಾಸ್ಟ್ ಮಾತು, ಸ್ಪೀಡ್ ಕಮ್ಮಿ ಮಾಡಿ ಮೂರು ಸಲ ಕೇಳ್ಬೇಕಾಯ್ತು. ವಾಯ್ಸ್ ನೋಟ್ ಜೊತೆ ಬರಹದಲ್ಲೂ ಕೊಟ್ರೆ ಎಷ್ಟೋ ಜನಕ್ಕೆ ಅನುಕೂಲ.

ಇದೆಲ್ಲಾ ಫ್ರೀಯಾಗಿ ಫೋನಲ್ಲೇ ಸಿಗುತ್ತಲ್ಲಾ ಅಂತ ನೀವು ಕೇಳ್ಬಹುದು. ಜಿಮೇಲಲ್ಲಿ 2017ರಿಂದ ಸ್ಮಾರ್ಟ್ ರಿಪ್ಲೈ ಇದೆ, 2018ರಿಂದ ಸಾಲು ಪೂರ್ತಿ ಮಾಡಿಕೊಡೋ ಸ್ಮಾರ್ಟ್ ಕಂಪೋಸ್ ಇದೆ, ಈಗಂತೂ ಎಐ ಚಾಟ್‌ಬಾಟ್‌ಗೆ ಹೇಳಿದ್ರೆ ನಿಮಿಷದಲ್ಲಿ ಇಡೀ ಮೇಲ್ ಬರ್ದುಕೊಡುತ್ತೆ. ವ್ಯಾಕರಣ ತಪ್ಪಿಲ್ದೆ ಬೇಕು ಅಂದ್ರೆ ಅವು ಸಾಕು, ನಾನೂ ದಿನಾ ಬಳಸ್ತೀನಿ. ಆದ್ರೆ ನನ್ನ ಹಳೇ ಮೇಲಲ್ಲಿ ದೊಡ್ಡ ವ್ಯಾಕರಣ ತಪ್ಪೇನೂ ಇರ್ಲಿಲ್ಲ. "ಐ ವುಡ್ ಲೈಕ್ ಟು ಆಕ್ಸೆಪ್ಟ್" ಪಕ್ಕಾ ಸರಿಯಾದ ಇಂಗ್ಲಿಷು. ನಿಮ್ಗೆ ಬರೋದಿದ್ಯಾ ಇಲ್ವಾ, ಪರ್ಸನಲ್ ರೀಸನ್ ನಿಜಾನಾ ಅಂತ ವಾಪಸ್ ಕೇಳೋರು ಬೇಕಾಗಿತ್ತು. ಚಾಟ್‌ಬಾಟ್ ಬಳಸೋದಾದ್ರೂ ಮೊದ್ಲು ಆ ಫಾರ್ಮಿನ ಕೊನೇ ಪ್ರಶ್ನೆಗೆ ಕನ್ನಡದಲ್ಲೇ ಒಂದು ಸಾಲು ಉತ್ತರ ಬರ್ಕೊಳ್ಳಿ, ಓದಿದ ಮೇಲೆ ಅವ್ರು ಏನು ಮಾಡ್ಬೇಕು ಅಂತ, ಆಮೇಲೆ ಅದು ಕೊಟ್ಟ ಮೇಲನ್ನ ಆ ಸಾಲಿನ ಪಕ್ಕ ಇಟ್ಟು ಓದಿ.

ಯಾರಿಗೆ ಇದು ಬೇಕು ಅಂದ್ರೆ, ಇಂಗ್ಲಿಷ್ ಮಾತಾಡೋಕೆ ಬರುತ್ತೆ ಆದ್ರೆ ಇಂಥ ಒಂದು ಮುಖ್ಯವಾದ ಮೇಲ್ ಬರೀವಾಗ ಎದೆ ಡವಡವ ಅನ್ನುತ್ತೆ ಅನ್ನೋರಿಗೆ. ಆರು ಪಾಠದ ಕೋರ್ಸಲ್ಲಿ ನಾಲ್ಕನೇದು ಬಿಟ್ರೆ ಮಿಕ್ಕಿದ್ದು ಸಾಧಾರಣ, ಅದಕ್ಕೆ ಅಂತ ಬೇರೆ ಪ್ಲಾನ್ ತಗೊಳ್ಳೋದು ಬೇಡ, ಒಂದೊಂದು ಮೇಲ್‌ಗೆ ಅಂತ ಇರೋ ಪ್ಲಾನ್ ಸಾಕು. ತಗೊಂಡ್ರೆ ಆಫರ್ ಬರೋ ಮುಂಚೇನೇ ಅಕೌಂಟ್ ಮಾಡಿಟ್ಕೊಳ್ಳಿ, ಡ್ರಾಫ್ಟನ್ನ ಗುರುವಾರ ಬೆಳಿಗ್ಗೆ ಒಳಗೆ ಹಾಕಿ, ಶುಕ್ರವಾರ ಬೆಳಿಗ್ಗೆ ಹೊತ್ತಿಗೆ ಕೈಗೆ ಸಿಗುತ್ತೆ, ಫಾಲೋಅಪ್ ಪ್ರಶ್ನೆ ಕೇಳೋಕೂ ಟೈಮ್ ಉಳಿಯುತ್ತೆ. ಆ ಫಾಲೋಅಪ್ ಪ್ರಶ್ನೇನ ದಯವಿಟ್ಟು ವೇಸ್ಟ್ ಮಾಡ್ಬೇಡಿ, ನಂಗೆ "ವಾಸ್" ಅರ್ಥ ಆಗಿದ್ದೇ ಅದ್ರಿಂದ.